ನೂರು ಗಜದ ಆಚೆ ಒಂದು ತಾಮ್ರದ ಪೈಸೆ

ನಮ್ಮ ಮನೆಯಲ್ಲಿ ಇವತ್ತಿಗೂ ಸಾರಿಗೆ ಉಪ್ಪು ಕಡಿಮೆಯಾದರೆ "ಎರಡು ಟಿಕ್ಕು ಕಡಿಮೆ" ಎನ್ನುತ್ತೇವೆ. ಹೊಸದಾಗಿ ಊಟಕ್ಕೆ ಬಂದವರು ಕಕ್ಕಾಬಿಕ್ಕಿಯಾಗಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈ ಅಳತೆಯನ್ನು ನಮ್ಮ ಅಡುಗೆಮನೆಗೆ ತಂದವರು ಹೋದ ತಿಂಗಳು ಬೆಂಗೇರಿಯಲ್ಲಿ ತೀರಿಕೊಂಡರು. ಅವರ ಹೆಸರನ್ನು ನಾನು ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಿನಲ್ಲಿ ಕಂಡರೆ ಅವರಿಗೆ ಎಲ್ಲಿಲ್ಲದ ನಾಚಿಕೆಯಾಗುತ್ತಿತ್ತು. ಊರೆಲ್ಲ ಅವರನ್ನು ಹವಾಲ್ದಾರರು ಎನ್ನುತ್ತಿತ್ತು; ನಾನೂ ಹಾಗೆಯೇ ಅನ್ನುತ್ತಿದ್ದೆ, ಇಲ್ಲಿಯೂ ಹಾಗೆಯೇ ಅನ್ನುತ್ತೇನೆ.

ಮೊದಲನೆಯ ಮಹಾಯುದ್ಧದಲ್ಲಿ ಅವರು ಬಸರಾದ ಕಡೆ ಹೋಗಿ ಪಲ್ಟಣದ ಬಂದೂಕುಗಳನ್ನು ರಿಪೇರಿ ಮಾಡುತ್ತಿದ್ದವರು. ವಾಪಸು ಬಂದ ಮೇಲೆ ಹುಬ್ಬಳ್ಳಿ ಪೇಟೆಯ ಒಂದು ಓಣಿಯಲ್ಲಿ ಅಂಗಡಿ ಇಟ್ಟರು. ಇಬ್ಬರು ಕೂತರೆ ಮೂರನೆಯವನು ನಿಲ್ಲಬೇಕು, ಅಷ್ಟು ಜಾಗ. ಅಲ್ಲಿಗೆ ಸ್ಟೋವು ಬರುತ್ತಿತ್ತು, ಹೊಲಿಗೆ ಮಷೀನು ಬರುತ್ತಿತ್ತು, ಸ್ವರ ಕೆಟ್ಟ ಪೇಟಿ ಬರುತ್ತಿತ್ತು, ಲೈಸೆನ್ಸಿನ ಬಂದೂಕುಗಳೂ ಬರುತ್ತಿದ್ದವು. ನಾನು ಮೊದಲ ಸಲ ಹೋದದ್ದು ಕನ್ನಡಕದ ಮುರಿದ ಕಾಲು ಹಿಡಿದುಕೊಂಡು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ ಎಂದು ಯಾರೂ ಕೇಳದಿದ್ದರೂ ಹೇಳಿಕೊಳ್ಳುವ ಚಟ ನನಗೆ ಆಗ ಇತ್ತು. ಹೇಳಿದೆ. ಅವರು ಸಣ್ಣ ತಿರುಪನ್ನು ಚಿಮಟದಲ್ಲಿ ಹಿಡಿದುಕೊಂಡೇ ಕೇಳಿದರು:

"ಹಂಗಾರ ಮಾಸ್ತರ, ಒಂದ ಡಿಗ್ರಿ ಅಂದ್ರ ಎಷ್ಟ ಅಗಲ ಇರತೈತ್ರಿ?"

ಕೋನಕ್ಕೆ ಅಗಲ ಎನ್ನುವುದು ಇರುವುದಿಲ್ಲ, ಅದು ವರ್ತುಲದ ಮುನ್ನೂರ ಅರವತ್ತನೆಯ ಪಾಲು ಎಂದು ನಾನು ಒಂದು ಸಣ್ಣ ಭಾಷಣವನ್ನೇ ಕೊಟ್ಟೆ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿದರು. ಆಮೇಲೆ ತೋಳನ್ನು ಉದ್ದಕ್ಕೆ ಚಾಚಿ, ಕಿರುಬೆರಳನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಎದುರಿನ ಗೋಡೆಯ ಕಡೆ ನೋಡಿದರು. "ಇಷ್ಟ ಇರತೈತ್ರಿ" ಎಂದು ಮತ್ತೆ ನನ್ನ ಕನ್ನಡಕಕ್ಕೆ ಬಗ್ಗಿದರು.

ಮನೆಗೆ ಬಂದವನೇ ಅಳತೆಪಟ್ಟಿ ಹುಡುಕಿದೆ. ನನ್ನ ಕಿರುಬೆರಳಿನ ಅಗಲವನ್ನು ತೋಳಿನ ಉದ್ದದಿಂದ ಭಾಗಿಸಿ, ಕೋಷ್ಟಕ ತೆಗೆದು ನೋಡಿದರೆ ಹೆಚ್ಚು ಕಡಿಮೆ ಒಂದೇ ಡಿಗ್ರಿ. ಎಂಟು ವರ್ಷ ತ್ರಿಕೋನಮಿತಿ ಕಲಿಸಿದ್ದೆ. ಡಿಗ್ರಿಯನ್ನು ಕಣ್ಣಾರೆ ಕಂಡದ್ದು ಅವತ್ತೇ. ಸಂತೋಷಕ್ಕೆ ಪಡಸಾಲೆಯಲ್ಲಿ ನಿಂತು ಬಾಗಿಲು, ಕಿಟಕಿ, ಗೂಟ ಎಲ್ಲವನ್ನೂ ಬೆರಳಿನಿಂದ ಅಳೆಯುತ್ತಿದ್ದೆ. ನನ್ನ ಹೆಂಡತಿ ನೀರಿನ ಕೊಡ ಹೊತ್ತು ಒಳಗೆ ಬಂದವಳು ಅಲ್ಲೇ ನಿಂತಳು. "ಸಾಲಿ ಹುಡುಗರ ಹಂಗ ಕಿರುಬೆರಳು ತೋರಿಸಿಕೋತ ಯಾಕ ನಿಂತೀರಿ? ಹೋಗಿ ಬರ್ರಿ, ಯಾರ ಬ್ಯಾಡ ಅಂದಾರ?" ಎಂದು ಒಳಗೆ ಹೋದಳು.

ಆಮೇಲೆ ನಾನು ವಾರಕ್ಕೆ ಎರಡು ಸಲ ಆ ಅಂಗಡಿಯಲ್ಲಿ ಠಿಕಾಣಿ ಹೂಡತೊಡಗಿದೆ. ಅವರ ಕೈಗೆ ಆಗಾಗ ದುರ್ಬೀನು ಕೂಡಿಸಿದ ಬಂದೂಕು ಬರುತ್ತಿತ್ತು. ದುರ್ಬೀನಿನ ಮೇಲೆ ಒಂದು ತಿರುಗುಮುಚ್ಚಳ, ಪಕ್ಕದಲ್ಲಿ ಇನ್ನೊಂದು. ಮೇಲಿನದು ಗುಂಡನ್ನು ಮೇಲೆ ಕೆಳಗೆ ಮಾಡುತ್ತದೆ, ಪಕ್ಕದ್ದು ಎಡಕ್ಕೆ ಬಲಕ್ಕೆ. ತಿರುಗಿಸಿದರೆ ಟಿಕ್, ಟಿಕ್ ಎನ್ನುತ್ತದೆ. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲು ಒಂದು ಮಿನಿಟು. ನಾಲ್ಕು ಟಿಕ್ಕಿಗೆ ಒಂದು ಮಿನಿಟು. ಅವರು ಕಣ್ಣು ಮುಚ್ಚಿ, ಕಿವಿಯನ್ನು ಹತ್ತಿರ ತಂದು ತಿರುಗಿಸುವುದನ್ನು ನೋಡಿದರೆ ತಂಬೂರಿ ಶ್ರುತಿ ಮಾಡುತ್ತಿದ್ದಾರೆ ಎನ್ನಬೇಕು. ಹೀಗೆ ಟಿಕ್ಕು ಎಣಿಸಿ ಎಣಿಸಿ ಅವರಿಗೆ ಲೋಕವೆಲ್ಲ ಟಿಕ್ಕಿನ ಲೆಕ್ಕವಾಗಿತ್ತು. ಚಹಾಕ್ಕೆ ಬೆಲ್ಲ ಒಂದು ಟಿಕ್ಕು ಹೆಚ್ಚು. ಎದುರಂಗಡಿಯವನ ಸಿಟ್ಟು ನಿನ್ನೆಗಿಂತ ನಾಲ್ಕು ಟಿಕ್ಕು ಇಳಿದಿದೆ. ನಮ್ಮ ಮನೆಗೆ ಊಟಕ್ಕೆ ಬಂದಾಗ ಸಾರಿನ ಉಪ್ಪಿನ ಬಗ್ಗೆ ಅದೇ ಭಾಷೆಯಲ್ಲಿ ಅಭಿಪ್ರಾಯ ಕೊಟ್ಟರು, ನನ್ನ ಹೆಂಡತಿ ಸಿಟ್ಟಾಗುವ ಬದಲು ನಕ್ಕಳು, ಮಾತು ಮನೆಯಲ್ಲೇ ಉಳಿಯಿತು.

ಅವರ ಮನೆ ಬೆಂಗೇರಿಯಲ್ಲಿ. ಹಿಂದೆ ಒಂದು ಬಯಲು, ಬಯಲಿನ ಕೊನೆಗೆ ಒಂದು ಬೇವಿನ ಮರ. ಆ ಮರಕ್ಕೆ ಅವರು ಹಳೆಯ ತಾಮ್ರದ ಪೈಸೆಯೊಂದನ್ನು ಮೊಳೆ ಹೊಡೆದು ಕೂಡಿಸಿದ್ದರು. ಪೈಸೆ ಒಂದಿಂಚು ಅಗಲ. ಮರದಿಂದ ಸರಿಯಾಗಿ ನೂರು ಗಜಕ್ಕೆ ಒಂದು ಕಲ್ಲು ಇಟ್ಟಿದ್ದರು. ನೂರು ಗಜದಲ್ಲಿ ಒಂದಿಂಚು ಅಂದರೆ ಒಂದು ಮಿನಿಟು, ಇನ್ನೂರು ಗಜದಲ್ಲಿ ಅದೇ ಮಿನಿಟು ಎರಡಿಂಚು. ಮನುಷ್ಯನ ಒಳ್ಳೆಯ ಕಣ್ಣಿಗೆ ಒಂದು ಮಿನಿಟಿನಷ್ಟು ಮಾತ್ರ ಕಾಣುತ್ತದೆ, ಅದಕ್ಕಿಂತ ಸಣ್ಣದು ಕಾಣುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಪ್ರತಿ ರವಿವಾರ ಪೈಸೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿ, ಕಲ್ಲಿನ ಹತ್ತಿರ ನಿಂತು, ಚುಕ್ಕೆ ಕಂಡಮೇಲೆಯೇ ನಾಷ್ಟಾಕ್ಕೆ ಹೋಗುತ್ತಿದ್ದರು. ಮನೆಗೆ ಬಂದ ಬೀಗರು, ಗೆಳೆಯರು, ಹಾಲಿನವಳು, ಯಾರನ್ನೂ ಬಿಡುತ್ತಿರಲಿಲ್ಲ. ಯಾರಿಗೆ ಎಲ್ಲಿಂದ ಪೈಸೆ ಕಾಣುತ್ತದೋ ಅಲ್ಲಿ ಅವರ ಹೆಸರಿನ ಒಂದು ಕಲ್ಲು. ಬಯಲಿನ ತುಂಬ ಅಲ್ಲೊಂದು ಇಲ್ಲೊಂದು ಕಲ್ಲುಗಳಿದ್ದವು.

ನನ್ನನ್ನೂ ನೂರು ಗಜದ ತಮ್ಮ ಕಲ್ಲಿನ ಹತ್ತಿರ ನಿಲ್ಲಿಸಿದರು. "ಕಾಣತೈತೇನ್ರಿ ಮಾಸ್ತರ?" ಎಂದರು. ಕನ್ನಡಕ ಇದ್ದರೂ ನನಗೆ ಬೇವಿನ ಮರವೇ ಒಂದು ಹಸಿರು ಮೋಡದ ಹಾಗೆ ಕಾಣುತ್ತಿತ್ತು. ಆದರೆ ಅವರ ಮಗಳು, ಆಗ ಟ್ರೇನಿಂಗ್ ಕಾಲೇಜಿಗೆ ಹೋಗುತ್ತಿದ್ದ ತರುಣಿ, ಪಕ್ಕದಲ್ಲಿ ನಿಂತಿದ್ದಳು. ಗಣಿತದ ಮಾಸ್ತರಿಗೆ ಒಂದು ಪೈಸೆ ಕಾಣುವುದಿಲ್ಲ ಎಂದರೆ ಹೇಗೆ? "ಕಾಣತದ" ಎಂದೆ. ಹವಾಲ್ದಾರರು ನನ್ನನ್ನೊಮ್ಮೆ ನೋಡಿ, ಒಂದು ಚಪ್ಪಟೆ ಕಲ್ಲನ್ನು ತಂದು ತಮ್ಮ ಕಲ್ಲಿನ ಪಕ್ಕದಲ್ಲೇ ಇಟ್ಟರು.

ಎರಡನೆಯ ಯುದ್ಧ ಶುರುವಾದ ಮೇಲೆ ಗಬ್ಬೂರಿನ ಕಡೆ ಹೊಸ ಸಿಪಾಯಿಗಳನ್ನು ತಯಾರು ಮಾಡುವ ಒಂದು ಕ್ಯಾಂಪು ಬಂತು. ದುರ್ಬೀನು ಬಂದೂಕಿನ ಪಾಠ ಹೇಳಲು ಒಬ್ಬರು ಬೇಕಾಗಿದ್ದಾರೆ ಎಂದು ಹವಾಲ್ದಾರರ ಕಿವಿಗೆ ಬಿತ್ತು. ಅವತ್ತಿನಿಂದ ಅವರ ಚಿತ್ತ ಅಂಗಡಿಯಲ್ಲಿ ನಿಲ್ಲಲಿಲ್ಲ. ಸಂಬಳದ ಆಸೆ ಅಂತ ನಾನು ತಿಳಿದುಕೊಂಡಿದ್ದೆ. ಆಮೇಲೆ ಒಂದು ದಿನ ತಾವೇ ಹೇಳಿದರು. ಮೂರನೆಯ ಇಯತ್ತೆಯಲ್ಲಿ ಮಗ್ಗಿ ಬರುವುದಿಲ್ಲ ಎಂದು ಅವರನ್ನು ಸಾಲಿಯಿಂದ ಹೊರಗೆ ಹಾಕಿದ್ದರಂತೆ. ಕಪ್ಪು ಹಲಗೆಯ ಹತ್ತಿರ ಅವರು ಹೋದದ್ದು ಅದನ್ನು ಒರೆಸಲು ಮಾತ್ರ.

"ಒಂದ ದಿನರೆ ಖಡು ಹಿಡಕೊಂಡು ನಿಂದರಬೇಕ್ರಿ ಮಾಸ್ತರ. ನಾ ಹೇಳೂದನ್ನ ನಾಕ ಮಂದಿ ಕುಂತು ಕೇಳಬೇಕು" ಎಂದರು. ಖಡು ಎಂದರೆ ನಮ್ಮ ಕಡೆ ಸೀಮೆಸುಣ್ಣ.

ಕ್ಯಾಂಪಿನ ಸಾಹೇಬ ವಯಸ್ಸು ಹೆಚ್ಚಾಯಿತು ಎಂದು ಮೂಗು ಮುರಿದ. ಆದರೂ ಒಂದು ತಿಂಗಳ ನಂತರ ಬಾ, ಲೆಕ್ಕ ಕೇಳುತ್ತೇನೆ, ಕಣ್ಣನ್ನೂ ನೋಡುತ್ತೇನೆ ಎಂದು ಹೇಳಿ ಕಳಿಸಿದ. ಲೆಕ್ಕ ಹೇಳಿಕೊಡುವ ಜವಾಬ್ದಾರಿ ನನ್ನದಾಯಿತು. ನಾನು ಖಾದಿ ಟೊಪ್ಪಿಗೆಯವನು. ಸ್ಟಾಫ್ ರೂಮಿನಲ್ಲಿ ಇದಕ್ಕೆ ಕೆಲವರು ಹುಬ್ಬು ಗಂಟಿಕ್ಕಿದರು. ನಾನು ಸರ್ಕಾರಕ್ಕೆ ಕಲಿಸುತ್ತಿಲ್ಲ, ಹವಾಲ್ದಾರರಿಗೆ ಕಲಿಸುತ್ತಿದ್ದೇನೆ ಎಂದು ಹೇಳಿ ನುಣುಚಿಕೊಂಡೆ. ಅಂಗಡಿಯ ಹಲಗೆ ಎಳೆದ ಮೇಲೆ ಸಂಜೆ ಪಾಠ. ಗುಣಾಕಾರಕ್ಕೆ ಹೆದರುತ್ತಿದ್ದ ಮನುಷ್ಯ, ಅದೇ ಲೆಕ್ಕವನ್ನು ಪೈಸೆ ಮತ್ತು ಗಜದಲ್ಲಿ ಕೇಳಿದರೆ ನಾನು ಬರೆದು ಮುಗಿಸುವ ಮೊದಲೇ ಉತ್ತರ ಹೇಳುತ್ತಿದ್ದರು. ಕಲಿಯುತ್ತಿದ್ದವನು ಯಾರು ಎಂದು ನನಗೇ ಆಗಾಗ ಅನುಮಾನವಾಗುತ್ತಿತ್ತು.

ಪರೀಕ್ಷೆಗೆ ಒಂದು ವಾರ ಇದ್ದಾಗ ಒಂದು ರಂಗತಾಲೀಮು ಮಾಡೋಣ ಎಂದು ನಾನೇ ಹೊರಡಿಸಿದೆ. ಬೈರಿದೇವರಕೊಪ್ಪದ ಇನಾಮದಾರರೊಬ್ಬರು ತಮ್ಮ ದುರ್ಬೀನು ಬಂದೂಕನ್ನು ಗುರಿ ಕೂಡಿಸಿ ಕೊಡಿ ಎಂದು ಹವಾಲ್ದಾರರ ಹತ್ತಿರ ಬಿಟ್ಟಿದ್ದರು, ಜೊತೆಗೆ ಹತ್ತು ಗುಂಡು. ಇನಾಮದಾರರದೇ ಹೊಲದಲ್ಲಿ ಒಂದು ಹುಣಸೆ ಮರದ ಕೆಳಗೆ ನಾವು, ಎದುರಿಗೆ ಒಂದು ಮಣ್ಣಿನ ದಿಬ್ಬ. ನಡುವೆ ಜಾಲಿಮುಳ್ಳು ತುಂಬಿದ ಹಳ್ಳ. ನೆಟ್ಟಗೆ ನಡೆದು ಹೋಗುವ ಹಾಗಿಲ್ಲ. ದೂರ ಎಷ್ಟು ಎಂದರೆ ಇನಾಮದಾರರ ಕಾರಭಾರಿ ಸರ್ವೇ ನಕಾಶೆ ತೆಗೆದು ನೋಡಿ ಒಂಬತ್ತು ಸರಪಳಿ ಎಂದ. ಸರಪಳಿಗೆ ಇಪ್ಪತ್ತೆರಡು ಗಜ ಎಂದು ನನ್ನ ಪುಸ್ತಕದಲ್ಲಿತ್ತು. ನೂರಾ ತೊಂಬತ್ತೆಂಟು ಗಜ, ಇನ್ನೂರು ಎಂದೇ ಹಿಡಿಯಿರಿ ಎಂದೆ.

ಹವಾಲ್ದಾರರು ಕಿರುಬೆರಳೆತ್ತಿ, ಹಳ್ಳ ಬಳಸಿ ಹೋಗಿ ದಿಬ್ಬಕ್ಕೆ ಗುರಿಯ ಕಾಗದ ಹಚ್ಚುತ್ತಿದ್ದ ಆಳಿನ ಎತ್ತರಕ್ಕೆ ಹಿಡಿದು ನೋಡಿದರು. "ನನಗ ನೂರ ಗಜ ಇದ್ದಂಗ ಕಾಣತೈತಿ" ಎಂದರು. ನಾನು ನಕಾಶೆ ಎಂದೆ, ಪುಸ್ತಕ ಎಂದೆ. ನಡುವೆ ತಗ್ಗು ಇದ್ದರೆ ಆಚೆಯದು ಹತ್ತಿರ ಕಾಣುತ್ತದೆ ಎಂದು ಪಲ್ಟಣದಲ್ಲೂ ಹೇಳುತ್ತಿದ್ದರು ಎಂದು ಅವರೇ ತಮಗೆ ಸಮಾಧಾನ ಹೇಳಿಕೊಂಡರು. ಮಾಸ್ತರರು ಲೆಕ್ಕ ಹಾಕಿ ಹೇಳಿದ ಮೇಲೆ ಮುಗಿಯಿತು ಎನ್ನುವ ಮರ್ಯಾದೆ ಬೇರೆ.

ಇಂಚಿಂಚಿಗೆ ಗೆರೆ ಹೊಡೆದ ಕಾಗದಕ್ಕೆ ಮೂರು ಗುಂಡು ಹೊಡೆದರು. ದುರ್ಬೀನಿನಲ್ಲಿ ನೋಡಿದರೆ ಮೂರೂ ಒಂದೇ ಕಡೆ, ಆದರೆ ನಡುವಿನಿಂದ ನಾಲ್ಕು ಇಂಚು ಎಡಕ್ಕೆ. ಇನ್ನೂರು ಗಜಕ್ಕೆ ಮಿನಿಟಿಗೆ ಎರಡಿಂಚು, ಆದ್ದರಿಂದ ಎರಡು ಮಿನಿಟು, ಎಂಟು ಟಿಕ್ಕು ಬಲಕ್ಕೆ ಎಂದು ನಾನು ಅಪ್ಪಣೆ ಕೊಟ್ಟೆ. ಮತ್ತೆ ಮೂರು ಗುಂಡು. ಇನ್ನೂ ಎರಡಿಂಚು ಎಡಕ್ಕೇ. ನಾಲ್ಕು ಟಿಕ್ಕು ಎಂದೆ. ಮತ್ತೆ ಮೂರು. ಇನ್ನೂ ಒಂದಿಂಚು. ಹೇಳಿದ್ದರಲ್ಲಿ ಅರ್ಧದಷ್ಟೇ ಗುಂಡು ಕೇಳುತ್ತಿತ್ತು. ಗಣಿತದವನಾದ ನನಗೆ ಆ ಅರ್ಧ ಅಲ್ಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಹವಾಲ್ದಾರರು ಬಂದೂಕನ್ನು ಕೆಳಗಿಟ್ಟು ಕಣ್ಣು ಒರೆಸಿಕೊಂಡರು. ಟಿಕ್ಕುಗಳನ್ನು ತಾವೇ ತಪ್ಪಾಗಿ ಎಣಿಸಿರಬೇಕು ಎಂದರು. ಆಮೇಲೆ ಅದನ್ನೂ ಬಿಟ್ಟರು. "ಕಣ್ಣು ಹೋದೂರಿ ಮಾಸ್ತರ. ಇನ್ನೂರ ಗಜ ನನಗ ನೂರ ಕಾಣಾಕತ್ತೈತಿ ಅಂದ್ರ ನಾ ಯಾರಿಗೇನು ಕಲಸ್ಲಿ?" ಉಳಿದಿದ್ದ ಒಂದು ಗುಂಡನ್ನು ಅಂಗಿಯ ಕಿಸೆಗೆ ಹಾಕಿಕೊಂಡು ನನಗಿಂತ ಮುಂದೆ ನಡೆದರು. ಆ ರವಿವಾರ ಪೈಸೆ ತಿಕ್ಕಲಿಲ್ಲ ಎಂದು ಆಮೇಲೆ ಅವರ ಮಗಳು ಹೇಳಿದಳು. ಕಲ್ಲಿನ ಹತ್ತಿರ ನಿಂತು ನೋಡಿ, ಕಾಣದೆ ಹೋದರೆ ಎಂಬ ಅಂಜಿಕೆ.

ಮೂರು ದಿನದ ಮೇಲೆ ಸಾಲಿಗೆ ಹೊರಡುವ ಮುಂಚೆ ಊಟಕ್ಕೆ ಕೂತಿದ್ದೆ. ನಮಗೆ ಆಗ ಎರಡು ಗುಂಟೆ ಜಾಗ ಕೊಳ್ಳುವ ಕನಸು ಬಿದ್ದಿತ್ತು. ಎರಡು ಗುಂಟೆಯಲ್ಲಿ ಹಿತ್ತಲು, ಬಾವಿ ಎಲ್ಲ ಹಿಡಿಸುತ್ತದೆಯೋ ಇಲ್ಲವೋ ಎಂದು ನಾನು ಅನುಮಾನಪಟ್ಟೆ. ನನ್ನ ಹೆಂಡತಿಯ ತಂದೆ ಕುಲಕರ್ಣಿಕೆ ಮಾಡಿದವರು. ಅವಳು ರೊಟ್ಟಿ ಬಡಿಯುತ್ತಲೇ ಹೇಳಿದಳು: "ಅಷ್ಟೂ ಗೊತ್ತಿಲ್ಲೇನ್ರಿ? ಒಂದ ಸರಪಳಿ ಉದ್ದ, ಒಂದ ಸರಪಳಿ ಅಗಲ, ಅದಕ್ಕ ಗುಂಟೆ ಅಂತಾರ. ನಮ್ಮಪ್ಪ ಅಂಗಳದಾಗ ಹಿಡಿಸಿ ತೋರಿಸಿದ್ದ."

ತುತ್ತು ಬಾಯಿಯ ಹತ್ತಿರವೇ ನಿಂತಿತು. ಎಕರೆಗೆ ನಾಲ್ಕು ಸಾವಿರದ ಎಂಟುನೂರಾ ನಲವತ್ತು ಚದರ ಗಜ. ಎಕರೆಗೆ ನಲವತ್ತು ಗುಂಟೆ. ಗುಂಟೆಗೆ ನೂರಾ ಇಪ್ಪತ್ತೊಂದು. ಅದರ ವರ್ಗಮೂಲ ಹನ್ನೊಂದು. ನಮ್ಮ ಸೀಮೆಯ ಸರಪಳಿ ಹನ್ನೊಂದೇ ಗಜ! ನನ್ನ ಪುಸ್ತಕದ್ದು ವಿಲಾಯಿತಿಯ ಸರಪಳಿ, ಇದರ ಎರಡು ಪಟ್ಟು. ದಿಬ್ಬ ತೊಂಬತ್ತೊಂಬತ್ತು ಗಜ ದೂರ ಇತ್ತು. ಹವಾಲ್ದಾರರ ಕಿರುಬೆರಳು ತಪ್ಪಿದ್ದು ಒಂದೇ ಒಂದು ಗಜ.

ಕೈ ತೊಳೆದು, ಸಾಲಿಯ ದಾರಿ ಬಿಟ್ಟು, ಪೇಟೆಗೆ ಓಡಿದೆ. ದಾರಿಯಲ್ಲಿ ನನ್ನ ಮನಸ್ಸಿನ ಸ್ಥಿತಿ ಏನೂ ಚೆನ್ನಾಗಿರಲಿಲ್ಲ. ಒಬ್ಬ ಮನುಷ್ಯನ ಕೈಯಿಂದ ಅವನ ಕಣ್ಣನ್ನೇ ಸುಳ್ಳು ಅನ್ನಿಸಿಬಿಟ್ಟಿದ್ದೆ, ಅದೂ ಒಂದು ಪುಸ್ತಕ ನಂಬಿಕೊಂಡು. ಅವರು ಅಂಗಡಿಯಲ್ಲಿ ಒಂದು ಸ್ಟೋವನ್ನು ಬಿಚ್ಚಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಹಲಗೆಯ ಮೇಲೆ ಒಂದು ಕಾಗದ: ನನಗೆ ಈ ಕೆಲಸ ಆಗುವುದಿಲ್ಲ ಎಂದು ಸಾಹೇಬನಿಗೆ ಮಗಳ ಕೈಯಿಂದ ಬರೆಸಿದ್ದು. ಟಪಾಲಿಗೆ ಹಾಕುವುದೊಂದು ಬಾಕಿ.

"ಹವಾಲ್ದಾರರ, ತಪ್ಪು ನಂದು. ಅದು ನೂರ ಗಜಾನ. ನಿಮ್ಮ ಕಣ್ಣು ಖರೇ ಹೇಳಿದ್ವು, ನಾ ಅವನ್ನ ಸುಳ್ಳ ಮಾಡಿದೆ" ಎಂದೆ.

ಅವರು ನಂಬಲಿಲ್ಲ. ಗುಂಟೆಯ ಲೆಕ್ಕವನ್ನು ಎರಡು ಸಲ ಹೇಳಿಸಿದರು. ಎರಡನೆಯ ಸಲ ಮುಗಿಯುವ ಹೊತ್ತಿಗೆ ಅವರ ಭುಜ ಕುಣಿಯತೊಡಗಿತ್ತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. ಮಿರ್ಚಿಭಜಿ ತರಿಸಿದರು. ಭಜಿಯ ಎಣ್ಣೆ ಸೋರದ ಹಾಗೆ ಅಡಿಗೆ ಹಾಸಿದ್ದು ಸಾಹೇಬನಿಗೆ ಬರೆದ ಆ ಕಾಗದವನ್ನೇ.

ಅಂದೇ ಸಂಜೆ ಬೆಂಗೇರಿಗೆ ಹೋದೆವು. ಪೈಸೆ ತಿಕ್ಕಿ ಬಂದು ತಮ್ಮ ಕಲ್ಲಿನ ಹತ್ತಿರ ಕಣ್ಣು ಮುಚ್ಚಿ ನಿಂತರು, ಆಮೇಲೆ ತೆರೆದರು. "ಐತಿ" ಎಂದರು. ಕಣ್ಣು ಉಜ್ಜಿ ಮತ್ತೊಮ್ಮೆ ನೋಡಿ, "ಅಲ್ಲೇ ಐತಿ." ನನ್ನ ಚಪ್ಪಟೆ ಕಲ್ಲು ಪಕ್ಕದಲ್ಲೇ ಇತ್ತು. ಅದರ ವಿಷಯವನ್ನೂ ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ಒಂದು ದಿನಕ್ಕೆ ಒಂದು ತಪ್ಪೊಪ್ಪಿಗೆ ಸಾಕು ಎಂದು ನುಂಗಿಕೊಂಡೆ. ಮರುದಿನ ಬೆಳಿಗ್ಗೆ ಬೈರಿದೇವರಕೊಪ್ಪದ ಹೊಲಕ್ಕೆ ಹೋಗಿ, ಉಳಿದ ಒಂದಿಂಚಿಗೆ ನಾಲ್ಕು ಟಿಕ್ಕು ಬಲಕ್ಕೆ ತಿರುಗಿಸಿ, ಕಿಸೆಯಲ್ಲಿದ್ದ ಆ ಒಂದು ಗುಂಡನ್ನು ಹೊಡೆದರು. ಕಾಗದದ ನಟ್ಟನಡುವೆ ತೂತು. ನಾನು ಖಾದಿ ಟೊಪ್ಪಿಗೆಯನ್ನು ಗಾಳಿಗೆ ತೂರಿ ಜಾಲಿಮುಳ್ಳಿಗೆ ಸಿಕ್ಕಿಸಿದೆ.

ಪರೀಕ್ಷೆಯ ದಿನ ನಾನು ಕ್ಯಾಂಪಿನ ಗೇಟಿನ ಹೊರಗೆ ನಿಂತಿದ್ದೆ. ಒಳಗೆ ನಡೆದದ್ದನ್ನು ಅವರ ಬಾಯಿಂದ ಕೇಳಿದ್ದು. ಕಣ್ಣಿನ ಪರೀಕ್ಷೆ ಸರಳವಾಗಿ ಮುಗಿಯಿತು. ಆಮೇಲೆ ಮುನ್ನೂರು ಗಜದಲ್ಲಿ ಗುಂಡು ಆರಿಂಚು ಕೆಳಗೆ ಬಿದ್ದಿದೆ, ಏನು ಮಾಡುತ್ತೀ ಎಂದು ಸಾಹೇಬ ಕೇಳಿದ. ಎಂಟು ಟಿಕ್ಕು ಮೇಲೆ ಎಂದು ಇವರು ತಮ್ಮ ಪಲ್ಟಣದ ಹಿಂದೂಸ್ತಾನಿಯಲ್ಲಿ ಥಟ್ಟನೆ ಹೇಳಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಆ ಮುನ್ನೂರು ಗಜವನ್ನು ಯಾರು ಅಳೆದರು, ಯಾವ ಸರಪಳಿಯಿಂದ ಅಳೆದರು ಎಂದು ಸಾಹೇಬನನ್ನೇ ತಿರುಗಿ ಕೇಳಿದರು. ಸಾಹೇಬ ಮೇಜು ಬಡಿದು ನಕ್ಕು, ಸೋಮವಾರದಿಂದ ಬಾ ಎಂದನಂತೆ.

ಮೊದಲನೆಯ ಪಾಠಕ್ಕೆ ನನ್ನನ್ನು ಕರೆದುಕೊಂಡು ಹೋಗಿ ಹಿಂದಿನ ಬಾಕಿನ ಮೇಲೆ ಕೂಡಿಸಿದರು. ಮೂವತ್ತು ಜನ ಸಿಪಾಯಿಗಳು. ಹವಾಲ್ದಾರರು ಇಸ್ತ್ರಿ ಮಾಡಿದ ಹಳೆಯ ಡ್ರೆಸ್ಸಿನಲ್ಲಿ ಕಪ್ಪು ಹಲಗೆಯ ಎದುರು ನಿಂತರು, ಖಡು ಕೈಗೆತ್ತಿಕೊಂಡರು. ಒಂದು ಚುಕ್ಕೆ ಇಟ್ಟು ಅದರಿಂದ ಎರಡು ಗೆರೆ ಎಳೆದರು. ಚುಕ್ಕೆಯ ಹತ್ತಿರ ಗೆರೆಗಳ ನಡುವೆ ಕೂದಲಷ್ಟು ಜಾಗ, ಹಲಗೆಯ ತುದಿಗೆ ಹೋಗುವಷ್ಟರಲ್ಲಿ ಅಂಗೈಯಷ್ಟು. "ಇದ ಮಿನಿಟು. ಇಲ್ಲಿ ಸಣ್ಣದು, ಅಲ್ಲಿ ದೊಡ್ಡದು. ಅದಕ್ಕ ಎಷ್ಟ ದೂರ ಅಂತ ಮೊದಲ ಕೇಳಬೇಕು" ಎಂದರು. ಆಮೇಲೆ ಸರಪಳಿಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ನನ್ನ ಮರ್ಯಾದೆ ಉಳಿಸಲು ಹೆಸರು ಹೇಳದೆ, "ನಮ್ಮ ಊರಾಗ ಒಬ್ಬರು ಭಾಳ ದೊಡ್ಡ ಗಣಿತದ ಮಾಸ್ತರಿದ್ದಾರ" ಎಂದಷ್ಟೇ ಅಂದರು. ಆ ಕೋಣೆಯಲ್ಲಿ ಟೊಪ್ಪಿಗೆ, ಕನ್ನಡಕ, ಛತ್ರಿ ಇದ್ದವನು ನಾನೊಬ್ಬನೇ. ಮೂವತ್ತು ಮುಖಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು. ಅವತ್ತಿನಷ್ಟು ಸಂತೋಷದ ಅ‍ವಮಾನ ನನಗೆ ಮತ್ತೆ ಆಗಿಲ್ಲ.

ಯುದ್ಧ ಮುಗಿದು ಕ್ಯಾಂಪು ಎದ್ದುಹೋಯಿತು. ಹವಾಲ್ದಾರರು ಮತ್ತೆ ಸ್ಟೋವು, ಹೊಲಿಗೆ ಮಷೀನುಗಳಿಗೆ ಮರಳಿದರು. ಆದರೆ ಹಳೆಯ ಸಿಪಾಯಿಗಳು ಹುಬ್ಬಳ್ಳಿಯಲ್ಲಿ ಇಳಿದಾಗಲೆಲ್ಲ ಅಂಗಡಿ ಹುಡುಕಿಕೊಂಡು ಬಂದು "ಮಾಸ್ತರ" ಎಂದು ಕಾಲು ಮುಟ್ಟುತ್ತಿದ್ದರು. ನಾನು ಅಲ್ಲಿ ಕೂತಿದ್ದರೆ ಹವಾಲ್ದಾರರು ನಾಚಿ ನನ್ನ ಕಡೆ ಕೈ ತೋರಿಸುತ್ತಿದ್ದರು.

ಮೊನ್ನೆ ಬೆಂಗೇರಿಗೆ ಮಾತನಾಡಿಸಲು ಹೋದೆ. ಮಗಳು ಈಗ ಕನ್ನಡ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರು. ಅತ್ತಳು, ಅಳುತ್ತಲೇ ಅಪ್ಪನ ಕತೆ ಹೇಳಿ ನಗಿಸಿದಳು, ಆಮೇಲೆ ಹಿಂದಿನ ಬಯಲಿಗೆ ಕರೆದುಕೊಂಡು ಹೋದಳು. ಪೈಸೆಯನ್ನು ಬೆಳಿಗ್ಗೆಯೇ ತಿಕ್ಕಿದ್ದಳಂತೆ. ನೂರು ಗಜದಲ್ಲಿ ನನ್ನ ಚಪ್ಪಟೆ ಕಲ್ಲು ಒಂದೇ ಇತ್ತು. ಹವಾಲ್ದಾರರ ಕಲ್ಲು ಅಲ್ಲಿರಲಿಲ್ಲ. ಕಣ್ಣು ಮಂಜಾದ ಹಾಗೆಲ್ಲ ವರ್ಷ ವರ್ಷವೂ ತಾವೇ ಎತ್ತಿ ಮುಂದಕ್ಕೆ ಇಡುತ್ತ ಬಂದಿದ್ದರು. ಅದು ಮರದಿಂದ ನಲವತ್ತು ಹೆಜ್ಜೆಗೆ ಬಂದು ನಿಂತಿತ್ತು. ಇಡೀ ಬೆಂಗೇರಿಯಲ್ಲಿ ಎಲ್ಲರಿಗಿಂತ ಚುರುಕು ಕಣ್ಣಿನವನು ನಾನೇ ಎಂದು ಸಾರುತ್ತ ನನ್ನ ಕಲ್ಲು ಒಂಟಿಯಾಗಿ ಕೂತಿತ್ತು.

"ಕಾಣತೈತೇನ್ರಿ ಸರ?" ಎಂದಳು ಮಗಳು.

"ಇಲ್ಲವಾ" ಎಂದೆ. "ಕಾಣವಲ್ದು. ಅವತ್ತೂ ಕಂಡಿರಲಿಲ್ಲ."

ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. "ಅಪ್ಪಗ ಗೊತ್ತಿತ್ರಿ. ನಿಮ್ಮ ಕನ್ನಡಕ ರಿಪೇರಿ ಮಾಡಿದಾಂವಗ ಅದರ ನಂಬರ ಗೊತ್ತಿರೂದಿಲ್ಲೇನು? ಕಲ್ಲ ಮುಂದ ಇಡೂಣು ಅಂದ್ರ ಬ್ಯಾಡ ಅಂತಿದ್ರು. ಮಾಸ್ತರು ಒಂದ ದಿನ ತಾವ ಎತ್ತಿ ಇಡತಾರ, ಬಿಡು ಅಂತಿದ್ರು."

ಬಗ್ಗಿ ಕಲ್ಲನ್ನು ಎತ್ತಿಕೊಂಡೆ. ಇಷ್ಟು ವರ್ಷ ಅದರ ಕೆಳಗಿದ್ದ ಹುಲ್ಲು ಬೆಳ್ಳಗಾಗಿತ್ತು. ಎದೆಗೆ ಒತ್ತಿ ಹಿಡಿದುಕೊಂಡು, ಕಣ್ಣು ಕಿರಿದು ಮಾಡಿಕೊಂಡು, ಮರದ ಕಡೆ ನಡೆದೆ. ಹವಾಲ್ದಾರರ ಕಲ್ಲಿನ ಹತ್ತಿರ ಬಂದಾಗ, ಅದರ ಪಕ್ಕದಲ್ಲೇ ಇಡುವ ಆಸೆಯಾಯಿತು. "ಇಲ್ಲಿಂದ ಕಾಣತದ" ಎಂದೆ. ಮಗಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಅಪ್ಪನ ಹಾಗೆಯೇ ನನ್ನನ್ನೊಮ್ಮೆ ನೋಡಿದಳು.

"ಎರಡ ಟಿಕ್ಕ ಮುಂದ ಬರ್ರಿ ಸರ" ಎಂದಳು.

ಎರಡು ಹೆಜ್ಜೆ ಮುಂದೆ ಹೋದೆ. ಬೇವಿನ ಕಾಂಡದ ಮೇಲೆ ಒಂದು ಸಣ್ಣ ಕೆಂಪು ಚುಕ್ಕೆ ಹೊಳೆಯಿತು. ಅಲ್ಲಿ ಕಲ್ಲು ಇಟ್ಟೆ.